ಎರಡು ಬಾಟಲಿ ನೀರಿನಲ್ಲಿ ಸೈಕಲ್ಲಿನ ತೂಕ ಅಳೆಯುವುದು

ಸೈಕಲ್ ಅಂಗಡಿಯಲ್ಲಿ ನಡೆಯುವ ಒಂದು ಪುಟ್ಟ ನಾಟಕ ನಿಮಗೂ ಗೊತ್ತಿರಬಹುದು. ಅಂಗಡಿಯವರು ಸೈಕಲ್ಲಿನ ಮೇಲಿನ ಬಾರಿಗೆ ಎರಡು ಬೆರಳು ಕೊಟ್ಟು ಎತ್ತುತ್ತಾರೆ, "ನೋಡಿ ಸಾರ್, ಹೂವಿನ ಹಾಗಿದೆ" ಎನ್ನುತ್ತಾರೆ. ನಾವೂ ಎತ್ತುತ್ತೇವೆ. ಹೌದು, ಹಗುರ. ಪಕ್ಕದ್ದನ್ನು ಎತ್ತುತ್ತೇವೆ. ಇದು ಸ್ವಲ್ಪ ಭಾರ. ಅಲ್ಲಿಗೆ ತೀರ್ಮಾನವಾಗಿ, ಎಂಟು ಹತ್ತು ಸಾವಿರ ಹೆಚ್ಚಿಗೆ ಕೊಟ್ಟು ಹೂವನ್ನು ಮನೆಗೆ ತರುತ್ತೇವೆ.

ನಾನೂ ಹಾಗೆಯೇ ಒಂದನ್ನು ತಂದವನು. ಮೂರು ತಿಂಗಳು ಓಡಿಸಿದ ಮೇಲೆ, ಮನೆಯಲ್ಲಿ ಮೂಲೆಗೆ ಸೇರಿದ್ದ ಹಳೆಯ ಸೈಕಲ್ಲೇ ತಿರುವುಗಳಲ್ಲಿ ಹೆಚ್ಚು ಮಾತು ಕೇಳುತ್ತಿತ್ತಲ್ಲ ಎಂಬ ಅನುಮಾನ ಹುಟ್ಟಿತು. ಹಳೆಯದು ಹೊಸದಕ್ಕಿಂತ ಎರಡೂವರೆ ಕಿಲೋ ಭಾರ. ಹಾಗಾದರೆ ಬೆರಳಿಗೆ ಹಗುರವಾದದ್ದು ಸೀಟಿನ ಮೇಲೆ ಕೂತಾಗ ಯಾಕೆ ಹಗುರವಲ್ಲ? ಅದನ್ನು ತಿಳಿಯಲು ಒಂದು ವಾರದ ಸಂಜೆಗಳನ್ನು ಕಳೆದೆ. ಬೇಕಾದ ಸಾಮಾನು ಹೆಚ್ಚೇನಿಲ್ಲ: ಸ್ನಾನದ ಮನೆಯ ತೂಕದ ಯಂತ್ರ, ಒಂದು ಇಟ್ಟಿಗೆ, ಅಳತೆ ಟೇಪು, ಒಂದೊಂದು ಲೀಟರಿನ ಎರಡು ಬಾಟಲಿ, ಕಟ್ಟಲು ಹಳೆಯ ಟ್ಯೂಬಿನ ಪಟ್ಟಿ. ನೀವೂ ಮಾಡಬಹುದು. ಹೊಸ ಸೈಕಲ್ ಕೊಳ್ಳುವ ಮುಂಚೆ ಮಾಡಿದರೆ ಇನ್ನೂ ಒಳ್ಳೆಯದು.

ಮೊದಲು ತೂಗಿ

ಸೈಕಲ್ಲನ್ನು ನೇರವಾಗಿ ಯಂತ್ರದ ಮೇಲೆ ನಿಲ್ಲಿಸಲು ಹೋಗಬೇಡಿ, ನಿಲ್ಲುವುದಿಲ್ಲ. ನೀವು ಒಬ್ಬರೇ ನಿಂತು ತೂಕ ಬರೆದುಕೊಳ್ಳಿ, ಆಮೇಲೆ ಸೈಕಲ್ಲನ್ನು ಎತ್ತಿ ಹಿಡಿದು ನಿಂತು ಬರೆದುಕೊಳ್ಳಿ. ವ್ಯತ್ಯಾಸವೇ ಸೈಕಲ್ಲಿನ ತೂಕ. ಮೂರು ಸಲ ತೂಗಿ ಸರಾಸರಿ ತೆಗೆಯಿರಿ, ಯಾಕೆಂದರೆ ಮನೆಯ ಯಂತ್ರಗಳು ಅರ್ಧ ಕಿಲೋ ಆಚೀಚೆ ಸುಳ್ಳು ಹೇಳುತ್ತವೆ. ವಿಮಾನ ಪ್ರಯಾಣಕ್ಕೆ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ಇದ್ದರೆ ಕೆಲಸ ಸುಲಭ. ಎರಡೂ ಇಲ್ಲದಿದ್ದರೆ ಬೀದಿಯ ಗುಜರಿ ಅಂಗಡಿಗೆ ಹೋಗಿ, ಆದರೆ ಮಾರಲು ಬಂದಿಲ್ಲ ಎಂದು ಮೊದಲೇ ಹೇಳಿಬಿಡಿ.

ನಮ್ಮಲ್ಲಿ ಸಿಗುವ ಸೈಕಲ್ಲುಗಳ ತೂಕ ಹೆಚ್ಚುಕಡಿಮೆ ಹೀಗಿರುತ್ತದೆ. ಹಾಲಿನವರು, ಪೋಸ್ಟ್‌ಮನ್‌ಗಳು ಓಡಿಸುತ್ತಿದ್ದ 28 ಇಂಚಿನ ಕಪ್ಪು ಸೈಕಲ್, ಕ್ಯಾರಿಯರ್ ಮತ್ತು ಡಬಲ್ ಸ್ಟ್ಯಾಂಡ್ ಸೇರಿ 20 ಕಿಲೋ ದಾಟುತ್ತದೆ. ಉಕ್ಕಿನ ಫ್ರೇಮಿನ ಅಗ್ಗದ ಗೇರ್ ಸೈಕಲ್ 16ರಿಂದ 18. ನೇರ ಹ್ಯಾಂಡಲ್ಲಿನ, ಊರೊಳಗಿನ ಓಡಾಟದ ಅಲ್ಯೂಮಿನಿಯಂ ಹೈಬ್ರಿಡ್ 12ರಿಂದ 14. ಬಾಗಿದ ಹ್ಯಾಂಡಲ್ಲಿನ ರೋಡ್ ಸೈಕಲ್ ಅಲ್ಯೂಮಿನಿಯಂದಾದರೆ 9ರಿಂದ 11, ಕಾರ್ಬನ್ನಿನದಾದರೆ 7ರಿಂದ 8ರ ಆಸುಪಾಸು. ಸ್ಪರ್ಧೆಗಳಿಗೆ ಸೈಕಲ್ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಯುಸಿಐ 2000ನೇ ಇಸವಿಯಿಂದ 6.8 ಕಿಲೋ ಎಂಬ ಕನಿಷ್ಠ ಮಿತಿ ಇಟ್ಟಿದೆ. ಅದಕ್ಕಿಂತ ಹಗುರವಾದ ಸೈಕಲ್ ಮಾಡುವುದು ಕಷ್ಟವೇನಲ್ಲ, ಸ್ಪರ್ಧೆಯಲ್ಲಿ ಓಡಿಸುವ ಹಾಗಿಲ್ಲ ಅಷ್ಟೇ.

ಕಂಪನಿಯವರು ಹೇಳುವ ತೂಕವನ್ನು ನಂಬಿ, ಆದರೆ ಏನನ್ನು ತೂಗಿದ್ದಾರೆ ಎಂದು ಕೇಳಿ. ಅದು ಸಾಮಾನ್ಯವಾಗಿ ಸಣ್ಣ ಅಳತೆಯ ಫ್ರೇಮಿನ, ಪೆಡಲ್ ಇಲ್ಲದ ತೂಕ. ಪೆಡಲ್ಲಿಗೆ 300ರಿಂದ 400 ಗ್ರಾಂ ಸೇರಿಸಿ. ಸ್ಟ್ಯಾಂಡು, ಮಡ್‌ಗಾರ್ಡು, ಬೆಲ್ಲು, ಬಾಟಲಿ, ಚೈನಿನ ಬೀಗ ಎಲ್ಲ ಬಂದ ಮೇಲೆ ಹೂವಿನ ತೂಕ ಕುಂಡ ಸಮೇತದ ತೂಕವಾಗಿರುತ್ತದೆ.

ಮುಂದೆಷ್ಟು, ಹಿಂದೆಷ್ಟು

ಒಟ್ಟು ತೂಕ ಗೊತ್ತಾಯಿತು. ಅದರಿಂದ ತಿಳಿಯುವುದು ಕಡಿಮೆ. ಆ ತೂಕ ಎಲ್ಲಿ ಕೂತಿದೆ ಎಂಬುದನ್ನು ಈಗ ನೋಡೋಣ. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಇರುವುದು ಇಲ್ಲೇ.

ತೂಕದ ಯಂತ್ರವನ್ನು ಗೋಡೆಯ ಪಕ್ಕ ಇಟ್ಟು ಅದರ ಮೇಲೆ ಮುಂದಿನ ಚಕ್ರ ನಿಲ್ಲಿಸಿ. ಯಂತ್ರದಷ್ಟೇ ಎತ್ತರದ ಇಟ್ಟಿಗೆಯನ್ನೋ ಹಲಗೆಯನ್ನೋ ಹಿಂದಿನ ಚಕ್ರದ ಕೆಳಗೆ ಕೊಡಿ. ಈಗ ಸೀಟಿನ ಮೇಲೆ ಕೂತು, ಓಡಿಸುವಾಗ ಹೇಗೆ ಬಾಗುತ್ತೀರೋ ಹಾಗೆಯೇ ಹ್ಯಾಂಡಲ್ ಹಿಡಿದು, ಮೊಣಕೈಯನ್ನು ಗೋಡೆಗೆ ಸೋಕಿಸಿದಂತೆ ಆನಿಸಿ. ಗೋಡೆಗೆ ಒರಗಬೇಡಿ, ಲೆಕ್ಕ ತಪ್ಪುತ್ತದೆ. ಓದಲು ಮನೆಯವರೊಬ್ಬರು ಬೇಕು. ಆಮೇಲೆ ಯಂತ್ರ ಮತ್ತು ಇಟ್ಟಿಗೆಯ ಜಾಗ ಅದಲುಬದಲು ಮಾಡಿ ಹಿಂದಿನ ಚಕ್ರದ ತೂಕ ನೋಡಿ. ಎರಡರ ಮೊತ್ತ ನಿಮ್ಮ ಮತ್ತು ಸೈಕಲ್ಲಿನ ಒಟ್ಟು ತೂಕಕ್ಕೆ ಒಂದು ಕಿಲೋ ಒಳಗೆ ಹೊಂದಿದರೆ ಸಾಕು.

ನಾನು 68 ಕಿಲೋ, ಹೈಬ್ರಿಡ್ ಸೈಕಲ್ 13.5 ಕಿಲೋ. ಒಟ್ಟು 81.5ರಲ್ಲಿ ಮುಂದಿನ ಚಕ್ರದ ಮೇಲೆ 34, ಹಿಂದೆ 47.5. ಅಂದರೆ ಮುಂದೆ ಶೇಕಡಾ 42ರ ಹತ್ತಿರ. ಬಾಗಿ ಓಡಿಸುವ ಸೈಕಲ್ಲುಗಳಲ್ಲಿ ಇದು 40ರಿಂದ 45ರವರೆಗೆ ಇರುತ್ತದೆ. ಹಳೆಯ ಕಪ್ಪು ಸೈಕಲ್ಲಿನಲ್ಲಿ ನೆಟ್ಟಗೆ ಕೂರುವುದರಿಂದ ಮುಂದಿನ ಪಾಲು ಇನ್ನೂ ಕಡಿಮೆ.

ಈಗ ಕ್ಯಾರಿಯರ್ ಮೇಲೆ 10 ಕಿಲೋ ಅಕ್ಕಿ ಚೀಲ ಕಟ್ಟಿ ಮತ್ತೆ ತೂಗಿ ನೋಡಿ. ಮುಂದಿನ ಚಕ್ರದ ತೂಕ ಹೆಚ್ಚುವುದಿರಲಿ, ನನ್ನ ಸೈಕಲ್ಲಿನಲ್ಲಿ ಒಂದು ಕಿಲೋದಷ್ಟು ಕಡಿಮೆಯಾಯಿತು. ಕ್ಯಾರಿಯರ್‌ನ ನಡುಭಾಗ ಹಿಂದಿನ ಅಚ್ಚಿಗಿಂತ ಒಂದು ಗೇಣಿಗೂ ಕಡಿಮೆ ಹಿಂದಿದೆ, ಅಷ್ಟಕ್ಕೇ ಹೀಗೆ. ಅಕ್ಕಿಯ ಭಾರವನ್ನೆಲ್ಲ ಹಿಂದಿನ ಚಕ್ರ ಹೊತ್ತು, ಮುಂದಿನ ಚಕ್ರವನ್ನು ಏತದ ಹಾಗೆ ಕೊಂಚ ಮೇಲಕ್ಕೂ ಎತ್ತುತ್ತಿದೆ. ಚಡಾವಿನಲ್ಲಿ ಇದು ಇನ್ನೂ ಜೋರು. ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ ಮತ್ತೆ ಒಂಬತ್ತು ಹತ್ತು ಕಿಲೋ ಹಿಂದಕ್ಕೆ ಜಾರುತ್ತದೆ. ರೇಷನ್ ಅಕ್ಕಿ ತರುವಾಗ ಏರಿನಲ್ಲಿ ಹ್ಯಾಂಡಲ್ ಗಾಳಿಯಲ್ಲಿ ತೇಲಿದಂತಾಗಿ ಸೈಕಲ್ ಎತ್ತಲೋ ಹೋಗುವುದು ಇದರಿಂದಲೇ. ಸೈಕಲ್ ಭಾರವಾಯಿತು ಎಂದು ನಾವು ಬೈದುಕೊಳ್ಳುತ್ತೇವೆ, ನಿಜಕ್ಕೂ ಮುಂದಿನ ಚಕ್ರ ಹಗುರವಾಗಿರುತ್ತದೆ.

ಟೇಪು ಕೈಯಲ್ಲಿದ್ದಾಗಲೇ ಒಂದು ಅಳತೆ ತೆಗೆದುಕೊಳ್ಳಿ: ಮುಂದಿನ ಚಕ್ರದ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿನವರೆಗೆ. ರೇಸಿನ ಸೈಕಲ್ಲಿನಲ್ಲಿ ಇದು ಹತ್ತಿರ ಹತ್ತಿರ ಒಂದು ಮೀಟರ್. ಹಳೆಯ ಕಪ್ಪು ಸೈಕಲ್ಲಿನಲ್ಲಿ ಸಾಕಷ್ಟು ಹೆಚ್ಚು, ಜೊತೆಗೆ ಅದರ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲು, ಮುಂದಕ್ಕೆ ಚಾಚಿಕೊಂಡು ಮಲಗಿದಂತಿರುತ್ತದೆ. ರೇಸಿನದರಲ್ಲಿ ಫೋರ್ಕ್ ನಿಗುರಿ ನಿಂತಿರುತ್ತದೆ. "ಭಾರದ ಸೈಕಲ್ ಅಲ್ಲಾಡುವುದಿಲ್ಲ, ಹಗುರದ್ದು ಚಂಚಲ" ಎಂದು ಹೇಳುವವರು ಈ ಉದ್ದ ಮತ್ತು ಓರೆಯ ಗುಣವನ್ನು ತೂಕದ ತಲೆಗೆ ಕಟ್ಟುತ್ತಿರುತ್ತಾರೆ. ಹಳೆಯ ಸೈಕಲ್ಲಿನ ಸಮಾಧಾನದಲ್ಲಿ ಉಕ್ಕಿನ ಭಾರದ ಪಾಲಿಗಿಂತ ಆ ಉದ್ದನೆಯ ಮೈಕಟ್ಟಿನ ಪಾಲೇ ಹೆಚ್ಚು.

ಬಾಟಲಿಗಳ ಸರದಿ

ಸೈಟು ವಿಂಗಡಿಸಿ ರಸ್ತೆ ಹಾಕಿ, ಇನ್ನೂ ಮನೆಗಳು ಏಳದ ಬಡಾವಣೆಯೊಂದು ಪ್ರತಿ ಊರಿನ ಅಂಚಿನಲ್ಲೂ ಇರುತ್ತದೆ. ಅಂಥದ್ದನ್ನು ಹುಡುಕಿ, ಒಂದು ಹಂಪ್ ಇದ್ದರೆ ಇನ್ನೂ ಒಳ್ಳೆಯದು. ನಾಯಿಗಳ ಸಂಸಾರವಿಲ್ಲದ ರಸ್ತೆಯಾಗಿರಲಿ. ಐದು ಹೆಜ್ಜೆಗೊಂದರಂತೆ ಆರು ಗುರುತು ಇಡಿ. ಹಳೆಯ ಚಪ್ಪಲಿ ಸಾಕು, ಇಟ್ಟಿಗೆ ಬೇಡ, ತಪ್ಪಿದರೆ ಅದರ ಮೇಲೇ ಹತ್ತುತ್ತೀರಿ. ಹೊರಡುವ ಮುಂಚೆ ಎರಡೂ ಟೈರಿಗೆ ಗಾಳಿ ಹಾಕಿ ಒತ್ತಡ ಬರೆದುಕೊಳ್ಳಿ. ಗಾಳಿ ದಿನಕ್ಕೊಂದು ರೀತಿ ಇದ್ದರೆ ಮುಂದಿನದೆಲ್ಲ ವ್ಯರ್ಥ.

ಪ್ರತಿ ಸುತ್ತಿನಲ್ಲಿ ನಾಲ್ಕು ಕೆಲಸ ಮಾಡಿ. ನಿಂತಲ್ಲಿಂದ ಹೊರಡುವುದು, ನಡಿಗೆಗಿಂತ ಸ್ವಲ್ಪ ಜೋರಾಗಿ ಗುರುತುಗಳ ನಡುವೆ ಹಾವಿನಂತೆ ಹೋಗುವುದು, ಸೀಟಿನಿಂದ ಎದ್ದು ನಿಂತು ಐವತ್ತು ಮೀಟರ್ ತುಳಿಯುವುದು, ಹಂಪ್ ದಾಟುವುದು. ಸುತ್ತು ಮುಗಿದ ಕೂಡಲೇ ಎರಡು ಸಾಲು ಬರೆಯಿರಿ. ಮೂರನೆಯ ಸುತ್ತಿನ ಹೊತ್ತಿಗೆ ಮೊದಲನೆಯದು ಮರೆತಿರುತ್ತದೆ, ಅದು ನನ್ನ ಅನುಭವ.

ಮೊದಲ ಸುತ್ತು ಖಾಲಿ ಸೈಕಲ್. ಎರಡನೆಯದಕ್ಕೆ ತುಂಬಿದ ಎರಡೂ ಬಾಟಲಿಗಳನ್ನು ಪೆಡಲ್ಲಿನ ಹತ್ತಿರ, ಫ್ರೇಮಿನ ಕೆಳಗಿನ ಕೊಳವೆಗೆ ಬಿಗಿಯಾಗಿ ಕಟ್ಟಿ. ಎರಡು ಕಿಲೋ ಹೆಚ್ಚಾಯಿತು. ಹಾವಿನ ಓಟದಲ್ಲಿ ನಿಮಗೆ ಏನೂ ಗೊತ್ತಾಗದಿದ್ದರೆ ಬೇಸರಪಡಬೇಡಿ, ಗೊತ್ತಾಗಬಾರದು. ಈ ಜಾಗ ಎರಡು ಚಕ್ರಗಳ ನಡುವೆ, ನೆಲದ ಹತ್ತಿರ ಇದೆ. ಸೈಕಲ್ ಓಲಾಡುವಾಗ ಅಲ್ಲಿನ ತೂಕ ಬಹಳ ದೂರ ಚಲಿಸುವುದಿಲ್ಲ.

ಮೂರನೆಯ ಸುತ್ತಿಗೆ ಅದೇ ಬಾಟಲಿಗಳು ಕ್ಯಾರಿಯರ್‌ನ ಹಿಂದಿನ ತುದಿಗೆ ಹೋಗಲಿ. ಕೂತು ಓಡಿಸುವಾಗ ದೊಡ್ಡ ವ್ಯತ್ಯಾಸವಿಲ್ಲ. ಎದ್ದು ನಿಂತು ತುಳಿಯಿರಿ, ಬಾಲ ಬಂದಂತಾಗುತ್ತದೆ. ನೀವು ಎಡಕ್ಕೆ ವಾಲಿಸಿದಾಗ ಹಿಂಭಾಗ ಅರೆಕ್ಷಣ ತಡವಾಗಿ ಬರುತ್ತದೆ, ಬಲಕ್ಕೆ ತಿರುಗಿಸುವ ಹೊತ್ತಿಗೆ ಅದು ಇನ್ನೂ ಎಡಕ್ಕೇ ಹೋಗುತ್ತಿರುತ್ತದೆ. ಕಟ್ಟನ್ನು ಬೇಕೆಂದೇ ಕೊಂಚ ಸಡಿಲ ಮಾಡಿ, ನಿಧಾನವಾಗಿ ಇನ್ನೊಂದು ಸುತ್ತು ಬನ್ನಿ. ಎರಡು ಕಿಲೋ ಐದು ಕಿಲೋ ಆದಂತೆ ಅನಿಸುತ್ತದೆ. ತೂಕಕ್ಕಿಂತ ಕೆಟ್ಟದ್ದು ಸಡಿಲ ತೂಕ.

ನಾಲ್ಕನೆಯದು ಹ್ಯಾಂಡಲ್ಲಿಗೆ ಕಟ್ಟಿದ ಚೀಲ. ಇದರ ನಡತೆ ವಿಚಿತ್ರ. ನೇರ ರಸ್ತೆಯಲ್ಲಿ ವೇಗ ಹೆಚ್ಚಾದರೆ ಸೈಕಲ್ ಒಳ್ಳೆಯ ಹುಡುಗನಂತೆ ಸುಮ್ಮನೆ ಹೋಗುತ್ತದೆ. ನಿಧಾನವಾದ ಕೂಡಲೇ ಹ್ಯಾಂಡಲ್ ತಾನಾಗಿ ಒಂದು ಪಕ್ಕಕ್ಕೆ ಬೀಳಲು ನೋಡುತ್ತದೆ, ಅದನ್ನು ತಡೆದು ಹಿಡಿಯಬೇಕು. ಗುರುತುಗಳ ನಡುವೆ ತಿರುಗಿಸಿದರೆ ತಡವಾಗಿ ತಿರುಗುತ್ತದೆ, ತಿರುಗಿದ ಮೇಲೆ ಹೆಚ್ಚೇ ತಿರುಗುತ್ತದೆ. ತರಕಾರಿ ಚೀಲವನ್ನು ಹ್ಯಾಂಡಲ್ಲಿನ ಒಂದೇ ತುದಿಗೆ ನೇತುಹಾಕಿಕೊಂಡು ಮಾರುಕಟ್ಟೆಯಿಂದ ಬಂದವರಿಗೆ ವಿವರಣೆ ಬೇಕಿಲ್ಲ.

ಐದನೆಯದರಲ್ಲಿ ಬಾಟಲಿಗಳು ಬೆನ್ನಿನ ಚೀಲಕ್ಕೆ. ಈಗ ಸೈಕಲ್ ಹಗುರ, ನೀವು ಭಾರ. ಹಂಪ್ ಬಂದಾಗ ಸೈಕಲ್ಲನ್ನು ಎತ್ತಿ ದಾಟಿಸುವುದು ಸಲೀಸು, ನಿಂತು ತುಳಿಯುವುದೂ ಸಲೀಸು. ಸೈಕಲ್ಲಿನ ನಡತೆಯ ಮಟ್ಟಿಗೆ ಇದೇ ಚೆನ್ನ ಎಂದು ನನಗೆ ಅನಿಸಿತು. ಬೆನ್ನು, ಭುಜ ಮತ್ತು ಅಂಗಿಯನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ.

ಇಲ್ಲಿಗೆ ಬಂದ ಮೇಲೆ ಒಂದು ಚೇಷ್ಟೆ ಮಾಡಿ. ಎರಡು ಖಾಲಿ, ಎರಡು ತುಂಬಿದ ಬಾಟಲಿಗಳನ್ನು ಗೆಳೆಯನಿಗೆ ಕೊಟ್ಟು, ನಿಮಗೆ ಕಾಣದಂತೆ ಯಾವುದೋ ಒಂದು ಜೋಡಿಯನ್ನು ಫ್ರೇಮಿನ ಕೆಳಗೆ ಕಟ್ಟಿ ಬಟ್ಟೆ ಸುತ್ತಲು ಹೇಳಿ. ನೀವು ಸೈಕಲ್ ಎತ್ತಕೂಡದು, ಹತ್ತಿ ಹೋಗಬೇಕು ಅಷ್ಟೇ. ತುಂಬಿದ್ದೋ ಖಾಲಿಯೋ ಎಂದು ಹೇಳಿ. ಬಾಟಲಿಯನ್ನು ಕಂಠದವರೆಗೆ ತುಂಬಿರಬೇಕು, ಇಲ್ಲದಿದ್ದರೆ ನೀರಿನ ಸದ್ದು ಚಾಡಿ ಹೇಳುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಐದು ಸಲದಲ್ಲಿ ಮೂರು ಸಲ ನಾನು ತಪ್ಪು ಹೇಳಿದೆ. ಹೊಸ ಸೈಕಲ್ಲಿನಲ್ಲಿ ಎರಡೂವರೆ ಕಿಲೋ ಉಳಿಸಲು ನಾನು ತೆತ್ತ ಹಣವನ್ನು ಗೆಳೆಯನಿಗೆ ಆ ಸಂಜೆ ಹೇಳಲಿಲ್ಲ.

ಏರಿನ ಲೆಕ್ಕ

ಹಾಗಾದರೆ ತೂಕ ಲೆಕ್ಕಕ್ಕೇ ಇಲ್ಲವೇ? ಏರು ರಸ್ತೆಯಲ್ಲಿ ಖಂಡಿತ ಇದೆ, ಎಷ್ಟಿದೆ ಎಂಬುದನ್ನು ಶಾಲೆಯ ಭೌತಶಾಸ್ತ್ರದಲ್ಲೇ ಹೇಳಬಹುದು. ಎರಡು ಕಿಲೋ ತೂಕವನ್ನು 100 ಮೀಟರ್ ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿ ಸುಮಾರು 1,960 ಜೂಲ್. ಸಾಧಾರಣ ಸವಾರ ಏರಿನಲ್ಲಿ 150 ವ್ಯಾಟ್‌ನಷ್ಟು ತುಳಿಯಬಲ್ಲ ಎಂದುಕೊಂಡರೆ, ಹೆಚ್ಚಿಗೆ ಹಿಡಿಯುವ ಸಮಯ 13 ಸೆಕೆಂಡು. ಪ್ರತಿ ನೂರು ಮೀಟರ್ ಎತ್ತರಕ್ಕೆ ಹದಿಮೂರು. ಭಾನುವಾರ ಬೆಳಿಗ್ಗೆ ಬೆಂಗಳೂರಿನ ಸೈಕಲ್ ಸವಾರರು ಸಾಲುಗಟ್ಟುವ ನಂದಿ ಬೆಟ್ಟದ ಏರಿನಲ್ಲಿ, 400 ಮೀಟರ್ ಎಂದು ಹಿಡಿದರೆ, ಒಂದು ನಿಮಿಷಕ್ಕೂ ಕಡಿಮೆ. ಅರ್ಧ ಗಂಟೆ ಮೀರಿ ಏದುಸಿರು ಬಿಡುವ ಕೆಲಸದಲ್ಲಿ ಈ ಒಂದು ನಿಮಿಷ ಬೇಕೋ ಬೇಡವೋ ನೀವೇ ಹೇಳಬೇಕು. ಜೊತೆಯವನಿಗಿಂತ ಮುಂದೆ ಹೋಗಬೇಕೆಂದಿದ್ದರೆ ಬೇಕು.

ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಮೂರು ಕಿಲೋ ಹೆಚ್ಚು ತೂಕ ಕೇಳುವುದು ಒಂದು ವ್ಯಾಟ್‌ಗಿಂತ ಸ್ವಲ್ಪ ಹೆಚ್ಚು. ಗಾಳಿಯನ್ನು ಸೀಳಲು ಆಗ 70 ವ್ಯಾಟ್‌ನಷ್ಟು ಹೋಗುತ್ತಿರುತ್ತದೆ. ಗಾಳಿಗೆ ಪಟಪಟಿಸುವ ಸಡಿಲ ಅಂಗಿಯನ್ನು ಮನೆಯಲ್ಲಿ ಬಿಟ್ಟು ಬಂದರೆ ಮೂರು ಕಿಲೋಗಿಂತ ಹೆಚ್ಚು ಲಾಭ.

ಇಳಿಜಾರಿನಲ್ಲಿ ಒಂದು ತಪ್ಪು ನಂಬಿಕೆ ಅಪಾಯಕಾರಿ. ಭಾರದ ಸೈಕಲ್ ತಿರುವಿನಲ್ಲಿ ನೆಲ ಕಚ್ಚಿ ಹಿಡಿಯುತ್ತದೆ, ಹಾಗಾಗಿ ಧೈರ್ಯವಾಗಿ ನುಗ್ಗಬಹುದು ಎನ್ನುವವರಿದ್ದಾರೆ. ಹದಿನೈದು ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಹೋಗಲು 25 ಡಿಗ್ರಿ ವಾಲಬೇಕು. ಏಳು ಕಿಲೋ ಸೈಕಲ್ಲಿಗೂ ಅಷ್ಟೇ, ಇಪ್ಪತ್ತು ಕಿಲೋದ್ದಕ್ಕೂ ಅಷ್ಟೇ. ಭಾರ ಹೆಚ್ಚಾದಂತೆ ಹಿಡಿತ ಹೆಚ್ಚುತ್ತದೆ ನಿಜ, ಹೊರಕ್ಕೆ ತಳ್ಳುವ ಒತ್ತಡವೂ ಅಷ್ಟೇ ಹೆಚ್ಚುತ್ತದೆ. ಆಗುಂಬೆಯಂಥ ಘಾಟಿಯಲ್ಲಿ, ಹದಿನಾಲ್ಕು ಹೇರ್‌ಪಿನ್ ತಿರುವುಗಳ ದಾರಿಯಲ್ಲಿ, ಭಾರದ ಸೈಕಲ್ ಬೇರೆ ಕಡೆ ಕಾಡುತ್ತದೆ. ತಿರುವಿಗೆ ಮುನ್ನ ವೇಗ ಇಳಿಸಲು ಕೈ ಹೆಚ್ಚು ಹಿಂಡಬೇಕು, ರಿಮ್ಮು ಮತ್ತು ಬ್ರೇಕು ಹೆಚ್ಚು ಬಿಸಿಯಾಗುತ್ತವೆ, ಎಡ ತಿರುವಿನಿಂದ ಕೂಡಲೇ ಬಲಕ್ಕೆ ಹೊರಳಬೇಕಾದಾಗ ಕ್ಯಾರಿಯರ್ ಮೇಲಿನ ಎತ್ತರದ ಹೊರೆ ತಡವಾಗಿ ಹೊರಳುತ್ತದೆ. ನೇರವಾಗಿ ಇರುವಾಗಲೇ ಬ್ರೇಕ್ ಹಾಕಿ ಮುಗಿಸಿ, ಆಮೇಲೆ ವಾಲಿ.

ಚಕ್ರದ ಗ್ರಾಂ

"ಚಕ್ರದಲ್ಲಿ ಒಂದು ಗ್ರಾಂ ಇಳಿಸಿದರೆ ಫ್ರೇಮಿನಲ್ಲಿ ಎರಡು ಗ್ರಾಂ ಇಳಿಸಿದ ಹಾಗೆ" ಎಂಬ ಮಾತು ಸೈಕಲ್ ಬಲ್ಲವರ ನಡುವೆ ಗಾದೆಯೇ ಆಗಿದೆ. ಅರ್ಧ ಸತ್ಯ. ರಿಮ್ಮು ಮತ್ತು ಟೈರು ಮುಂದಕ್ಕೂ ಹೋಗಬೇಕು, ತಿರುಗಲೂ ಬೇಕು. ಆದ್ದರಿಂದ ವೇಗ ಹೆಚ್ಚಿಸುವಾಗ ಮಾತ್ರ ಅವುಗಳ ತೂಕ ಎರಡರಷ್ಟಾಗಿ ಎಣಿಕೆಗೆ ಬರುತ್ತದೆ. ಒಂದೇ ವೇಗದಲ್ಲಿ ಹೋಗುವಾಗ, ಏರು ಹತ್ತುವಾಗ ಗ್ರಾಂ ಗ್ರಾಮೇ. ರಿಮ್ಮಿನಲ್ಲಿ ಅರ್ಧ ಕಿಲೋ ಇಳಿಸಿದಿರಿ ಎಂದುಕೊಳ್ಳಿ. ಸಿಗ್ನಲ್ಲಿನಿಂದ ಹೊರಡುವಾಗ ಅದು ಒಂದು ಕಿಲೋ ಲೆಕ್ಕ, ನಿಮ್ಮದೂ ಸೈಕಲ್ಲಿನದೂ ಸೇರಿ 82 ಕಿಲೋದಲ್ಲಿ ಒಂದು. ವಿಜಯಪುರ, ಬಾಗಲಕೋಟೆ ಕಡೆಯಿಂದ ರಾಷ್ಟ್ರಮಟ್ಟಕ್ಕೆ ಹೋಗುವ ಸೈಕಲ್ ಪಟುಗಳಿಗೆ, ಟೈರಿನ ಅಗಲದಲ್ಲಿ ಗೆಲುವು ಸೋಲು ನಿರ್ಧಾರವಾಗುವವರಿಗೆ, ಆ ಒಂದು ದೊಡ್ಡದು. ಕಚೇರಿಗೆ ಹೋಗುವವರಿಗೆ ಅಲ್ಲ.

ಆದರೆ ಹಗುರ ಚಕ್ರ ಹಾಕಿದವರು "ಸೈಕಲ್ಲಿಗೆ ಜೀವ ಬಂತು" ಎಂದು ಹೇಳುವುದು ಸುಳ್ಳೂ ಅಲ್ಲ. ಮುಂದಿನ ಚಕ್ರ ಹಗುರವಾದಾಗ ಹ್ಯಾಂಡಲ್ ತಿರುಗಿಸಲು ಕೊಂಚ ಸಲೀಸಾಗುತ್ತದೆ. ಹೊಸ ಚಕ್ರದ ಜೊತೆಗೆ ಸಾಮಾನ್ಯವಾಗಿ ಹೊಸ, ಮೆದುವಾದ ಟೈರೂ ಬಂದಿರುತ್ತದೆ, ಜೀವದ ದೊಡ್ಡ ಪಾಲು ಅದರದ್ದು. ಹಾಗಾಗಿ ಚಕ್ರಕ್ಕೆ ಹಣ ಹಾಕುವ ಮುಂಚೆ ಟೈರು ಬದಲಿಸಿ ನೋಡಿ. ಅಗ್ಗದ ಗೇರ್ ಸೈಕಲ್ಲಿನ ಗಡುಸು ಗುಬುಟು ಟೈರುಗಳು ಒಂದೊಂದೂ 700ರಿಂದ 900 ಗ್ರಾಂ ತೂಗುತ್ತವೆ. ಡಾಂಬರಿನ ರಸ್ತೆಯಲ್ಲೇ ಓಡಿಸುವವರು ಅದನ್ನು ತೆಗೆದು ನುಣುಪಾದ ಟೈರು ಹಾಕಿದರೆ, ತೂಕವೂ ಇಳಿಯುತ್ತದೆ, ಆ ಗುಂಯ್‌ಗುಟ್ಟುವ ಸದ್ದೂ ನಿಲ್ಲುತ್ತದೆ.

ಕೆಟ್ಟ ರಸ್ತೆಯಲ್ಲಿ ಹಗುರ ಸೈಕಲ್ ಕುಣಿಯುತ್ತದೆ ಎಂಬ ದೂರಿಗೂ ಇದೇ ಮದ್ದು. ಸಣ್ಣ ಗುಂಡಿಯ ಪೆಟ್ಟಿಗೆ ಹಗುರ ಸೈಕಲ್ ಹೆಚ್ಚು ಜಿಗಿಯುತ್ತದೆ, ಅದು ತೂಕದ ಗುಣ. ಆದರೆ ಆ ಜಿಗಿತದ ಬಹುಪಾಲು ಕಲ್ಲಿನಂತೆ ಗಾಳಿ ತುಂಬಿದ ಟೈರಿನದು. ಎಪ್ಪತ್ತು ಕಿಲೋ ಆಸುಪಾಸಿನ ಸವಾರನಿಗೆ 28 ಮಿಲಿಮೀಟರ್ ಟೈರಿನಲ್ಲಿ 75ರಿಂದ 80 ಪಿಎಸ್‌ಐ (ಪಂಪಿನ ಮೀಟರಿನಲ್ಲಿ ಕಾಣುವ ಗಾಳಿಯ ಒತ್ತಡದ ಅಳತೆ), 32ರಿಂದ 35 ಮಿಲಿಮೀಟರಿನದರಲ್ಲಿ 55ರಿಂದ 65, ಎರಡು ಇಂಚಿನದರಲ್ಲಿ 35ರಿಂದ 45 ಎಂದು ಶುರುಮಾಡಿ. ಮುಂದಿನದಕ್ಕೆ ಹಿಂದಿನದಕ್ಕಿಂತ ಐದು ಕಡಿಮೆ, ಅದು ಹೊರುವ ತೂಕವೂ ಕಡಿಮೆಯಲ್ಲವೇ. ಟೈರಿನ ಪಕ್ಕೆಯಲ್ಲಿ ಬರೆದಿರುವ ಮಿತಿ ದಾಟಬೇಡಿ. ಹಿಂದೆ ಹೊರೆ ಹೇರಿದ ದಿನ ಹಿಂದಿನ ಟೈರಿಗೆ ಐದು ಹತ್ತು ಹೆಚ್ಚಿಸಿ.

ಹೊರೆ ಕಟ್ಟುವುದನ್ನು ಎಳನೀರಿನವರಿಂದ ಕಲಿಯಿರಿ

ಸೈಕಲ್ಲಿನಲ್ಲಿ ಎಳನೀರು ತರುವವರನ್ನು ನಿಂತು ನೋಡಿ. ಗೊನೆಗಳು ಕ್ಯಾರಿಯರ್ ಮೇಲೆ ಗುಡ್ಡೆಯಾಗಿರುವುದಿಲ್ಲ. ಹಗ್ಗದಲ್ಲಿ ಎರಡೂ ಪಕ್ಕ ಜೋತುಬಿದ್ದು, ಚಕ್ರದ ಅಚ್ಚಿನ ಮಟ್ಟಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇರುತ್ತವೆ. ಹಾಲಿನವರ ಕ್ಯಾನುಗಳೂ ಅಷ್ಟೇ, ಎಡಕ್ಕೊಂದು ಬಲಕ್ಕೊಂದು. ಒಂದು ಕಡೆಯ ಕ್ಯಾನಿನಿಂದಲೇ ಹಾಲು ಅಳೆದು ಮುಗಿಸುವ ಹಾಲಿನವರನ್ನು ನಾನು ಕಂಡಿಲ್ಲ. ಒಬ್ಬ ಎಳನೀರಿನವರನ್ನು ಕೇಳಿದೆ: "ಅಣ್ಣ, ಇಷ್ಟು ಭಾರ ಹೇಗೆ ತಿರುಗಿಸುತ್ತೀರಿ?" ಅವರು ನನ್ನ ಹೆಲ್ಮೆಟ್ಟಿನಿಂದ ಬೂಟಿನವರೆಗೆ ನೋಡಿ, "ನಾನು ತಿರುಗಿಸುವುದಿಲ್ಲ ಸಾಮಿ, ಮೊದಲೇ ಹೇಳಿ ಇಡುತ್ತೇನೆ, ಅದು ತಿರುಗುತ್ತದೆ" ಎಂದರು. ಭಾರದ ಸೈಕಲ್ಲಿಗೆ ತಿರುವಿನ ಸೂಚನೆಯನ್ನು ಹತ್ತು ಮಾರು ಮುಂಚೆಯೇ, ಮೆಲ್ಲಗೆ ಕೊಡಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ.

ನಿಮ್ಮ ಪ್ರವಾಸಕ್ಕೂ ಸಂತೆಗೂ ಇದನ್ನೇ ಅನ್ವಯಿಸಿ. ಭಾರದ ವಸ್ತು ಕೆಳಗೆ, ಚಕ್ರದ ಅಚ್ಚಿನ ಹತ್ತಿರ, ಎರಡೂ ಪಕ್ಕ ಸಮ. ಹಗುರವಾದ ಉಬ್ಬು ವಸ್ತು, ಹಾಸಿಗೆ ಬಟ್ಟೆಯಂಥದ್ದು, ಮೇಲೆ. ಪಕ್ಕದ ಚೀಲಗಳು ಹಿಮ್ಮಡಿಗೆ ತಾಗದಂತೆ ಒಂದಿಷ್ಟು ಹಿಂದಕ್ಕೆ ಸರಿಸಿ, ಆದರೆ ಅಚ್ಚಿನಿಂದ ಬಹಳ ಹಿಂದಕ್ಕಲ್ಲ. ಹದಿನೈದು ಕಿಲೋ ದಾಟುವುದಾದರೆ ಮೂರರಲ್ಲಿ ಒಂದು ಪಾಲನ್ನು ಮುಂದಿನ ಚಕ್ರದ ಎರಡು ಪಕ್ಕಕ್ಕೆ, ಅಚ್ಚಿನ ಮಟ್ಟದಲ್ಲಿ ಕಟ್ಟುವುದು ಒಳ್ಳೆಯದು. ಹ್ಯಾಂಡಲ್ ಮಂದವಾಗುತ್ತದೆ, ಆದರೆ ಏರಿನಲ್ಲಿ ತೇಲುವುದಿಲ್ಲ. ಕಟ್ಟಿದ ಮೇಲೆ ಸೈಕಲ್ಲನ್ನು ಸೀಟು ಹಿಡಿದು ಪಕ್ಕಕ್ಕೆ ಜೋರಾಗಿ ಅಲುಗಿಸಿ. ಸೈಕಲ್ ನಿಂತ ಮೇಲೂ ಹೊರೆ ಅಲ್ಲಾಡುತ್ತಿದ್ದರೆ ಬಿಚ್ಚಿ ಮತ್ತೆ ಕಟ್ಟಿ.

ಇಳಿಜಾರಿನಲ್ಲಿ ವೇಗ ಹೆಚ್ಚಿ ಹ್ಯಾಂಡಲ್ ತಾನಾಗಿ ನಡುಗಲು ಶುರುವಾದರೆ ಗಾಬರಿಯಿಂದ ಬಿಗಿಯಾಗಿ ಹಿಡಿಯಬೇಡಿ, ನಡುಕ ಹೆಚ್ಚುತ್ತದೆ. ಎರಡು ಮೊಣಕಾಲುಗಳಿಂದ, ಆಗದಿದ್ದರೆ ಒಂದರಿಂದಲಾದರೂ, ಮೇಲಿನ ಬಾರನ್ನು ಒತ್ತಿ ಹಿಡಿಯಿರಿ. ಸೀಟಿನ ಮೇಲಿನ ಭಾರವನ್ನು ಕೊಂಚ ಎತ್ತಿ ಪೆಡಲ್ಲಿಗೆ ಕೊಡಿ. ಮೆಲ್ಲಗೆ ಬ್ರೇಕ್ ಹಿಡಿದು ವೇಗ ಇಳಿಸಿ. ನಿಂತ ಮೇಲೆ ಹೊರೆಯನ್ನೂ, ಹ್ಯಾಂಡಲ್ಲಿನ ಕೆಳಗಿನ ಬೇರಿಂಗ್ ಸಡಿಲವಾಗಿದೆಯೇ ಎಂಬುದನ್ನೂ, ಚಕ್ರದ ಕಡ್ಡಿಗಳನ್ನೂ ನೋಡಿ. ಹಗುರ ಸೈಕಲ್ಲಿಗೂ ಈ ನಡುಕ ಬರಬಹುದು. ಹಿಂದೆ ಎತ್ತರದಲ್ಲಿ ಕಟ್ಟಿದ ಹೊರೆ ಅದನ್ನು ಕರೆದು ತರುತ್ತದೆ.

ಮಕ್ಕಳ ಸೈಕಲ್: ಇಲ್ಲಿ ಮಾತ್ರ ಗ್ರಾಂ ಎಣಿಸಿ

ಇಷ್ಟು ಹೊತ್ತು ತೂಕಕ್ಕೆ ಹೆಚ್ಚು ಬೆಲೆ ಕೊಡಬೇಡಿ ಎಂದೆ. ಮಕ್ಕಳ ವಿಷಯದಲ್ಲಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಇಪ್ಪತ್ತು ಇಂಚಿನ ಚಕ್ರದ, ಉಕ್ಕಿನ ಫ್ರೇಮಿನ, ಮುಂದೆ ಹಿಂದೆ ಸಸ್ಪೆನ್ಷನ್ ಇರುವ, ಬೈಕಿನಂತೆ ಕಾಣುವ ಸೈಕಲ್ 12 ಕಿಲೋ ಇರುತ್ತದೆ. ಅದನ್ನು ಓಡಿಸುವ ಏಳೆಂಟು ವರ್ಷದ ಮಗು 24 ಕಿಲೋ. ತನ್ನ ತೂಕದ ಅರ್ಧದಷ್ಟು ಭಾರದ ಸೈಕಲ್! ನನ್ನ ಅಳತೆಗೆ ಅದನ್ನು ಹಿಗ್ಗಿಸಿದರೆ 34 ಕಿಲೋ ಆಯಿತು. ಅಂಥ ಸೈಕಲ್ಲನ್ನು ಏರಿಸಲು, ಬೀಳುವಾಗ ತಡೆದು ನಿಲ್ಲಿಸಲು ನನ್ನಿಂದಾಗದು. ಎರಡು ಬಾಟಲಿಯ ತೂಕ ನನಗೆ ಗೊತ್ತಾಗಲಿಲ್ಲ, ಅದೇ ಎರಡು ಕಿಲೋ ಆ ಮಗುವಿನ ತೂಕದ ಹನ್ನೆರಡರಲ್ಲಿ ಒಂದು ಪಾಲು.

ಹಳ್ಳಿಯಲ್ಲಿ ನಾವು ಅಪ್ಪನ 28 ಇಂಚಿನ ಸೈಕಲ್ಲಿನ ಬಾರಿನ ಅಡಿಯಿಂದ ಒಂದು ಕಾಲು ತೂರಿಸಿ ಕಲಿತೆವು ಎಂದು ಹೆಮ್ಮೆಪಡುವವರ ಮೊಣಕಾಲಿನ ಕಲೆಗಳನ್ನು ಎಣಿಸಿ ನೋಡಿ. ನನ್ನಲ್ಲಿ ಮೂರಿವೆ.

ಮಗುವಿಗೆ ಕೊಳ್ಳುವಾಗ ಸಸ್ಪೆನ್ಷನ್ ಬೇಡ, ಗೇರು ಬೇಡ, ದಪ್ಪ ಟೈರಿನ ಆಡಂಬರ ಬೇಡ. ಸಿಕ್ಕವುಗಳಲ್ಲಿ ಹಗುರವಾದದ್ದನ್ನು ಆರಿಸಿ, ಮಗುವಿನ ತೂಕದ ಮೂರನೆಯ ಒಂದು ಪಾಲಿನ ಹತ್ತಿರ ಬಂದರೂ ಸಂತೋಷ. ಅಂಗಡಿಯಲ್ಲಿ ಸೈಕಲ್ಲನ್ನು ನೆಲದ ಮೇಲೆ ಮಲಗಿಸಿ, ಎತ್ತಿ ನಿಲ್ಲಿಸಲು ಮಗುವಿಗೇ ಹೇಳಿ. ಎರಡು ಸಲ ಪ್ರಯತ್ನಿಸಿಯೂ ಆಗದಿದ್ದರೆ ಅದು ಆ ಮಗುವಿನ ಸೈಕಲ್ ಅಲ್ಲ, ಬಣ್ಣ ಎಷ್ಟೇ ಇಷ್ಟವಾಗಿರಲಿ.

ಹಣ ಎಲ್ಲಿ ಹಾಕುವುದು

ದೊಡ್ಡವರಿಗೆ ನನ್ನ ಸಲಹೆ ಹೀಗೆ. ಮೊದಲು ದುಡ್ಡಿಲ್ಲದ ಕೆಲಸ: ಬೇಡದ ಬುಟ್ಟಿ, ಎರಡನೆಯ ಬೀಗ, ಯಾವತ್ತೂ ತೆಗೆಯದ ಸಾಮಾನಿನ ಚೀಲ ಇಳಿಸಿ. ಸ್ಟ್ಯಾಂಡು ಮಾತ್ರ ಇರಲಿ, ರೇಸಿನವರು ನಕ್ಕರೆ ನಗಲಿ. ಆಮೇಲೆ ಟೈರು. ಅದರ ನಂತರ, ನಿಮ್ಮದು ಅಗ್ಗದ ಸ್ಪ್ರಿಂಗ್ ಫೋರ್ಕಿನ ಸೈಕಲ್ಲಾಗಿದ್ದರೆ, ಆ ಫೋರ್ಕು. ಎರಡೂವರೆ ಕಿಲೋ ಕಬ್ಬಿಣ ಹ್ಯಾಂಡಲ್ಲಿನ ಕೆಳಗೆ, ತೂಕ ಇರಬಾರದ ಜಾಗದಲ್ಲೇ ಕೂತು, ಬ್ರೇಕ್ ಹಿಡಿದಾಗಲೆಲ್ಲ ತಲೆ ತಗ್ಗಿಸುತ್ತದೆ, ನಿಂತು ತುಳಿದಾಗ ನಿಮ್ಮ ಶಕ್ತಿಯನ್ನು ನುಂಗುತ್ತದೆ. ಅಳತೆಗೆ ಹೊಂದುವ ಸಾದಾ ಉಕ್ಕಿನ ಫೋರ್ಕು ಒಂದು ಕಿಲೋ ಚಿಲ್ಲರೆ. ಅಳತೆ ಮುಖ್ಯ, ಗಿಡ್ಡ ಫೋರ್ಕು ಹಾಕಿದರೆ ಸೈಕಲ್ಲಿನ ಮೂತಿ ಕೆಳಗಾಗಿ ಹ್ಯಾಂಡಲ್ಲಿನ ನಡತೆಯೇ ಬದಲಾಗುತ್ತದೆ. ಇಷ್ಟಾದ ಮೇಲೂ ಕೈ ತುರಿಸಿದರೆ ಚಕ್ರ. ಫ್ರೇಮಿನ ಹಗುರಕ್ಕೆ ಕೊನೆಯ ಸರದಿ.

ಸೈಕಲ್ಲನ್ನು ದಿನವೂ ಮೂರನೆಯ ಮಹಡಿಗೆ ಹೊತ್ತೊಯ್ಯುವವರಿಗೆ ಈ ಕ್ರಮ ಅನ್ವಯಿಸುವುದಿಲ್ಲ. ಅವರಿಗೆ ಒಂದೊಂದು ಕಿಲೋವೂ ನಿಜ, ಅವರು ಅಂಗಡಿಯಲ್ಲಿ ಎತ್ತಿಯೇ ನೋಡಬೇಕು.

ಉಳಿದವರು ಅಂಗಡಿಗೆ ಹೋಗುವಾಗ ಆ ಎರಡು ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಳ್ಳಿ. ಹಗುರ ಸೈಕಲ್ಲನ್ನೂ ಭಾರದ್ದನ್ನೂ ಒಂದೇ ಗಾಳಿಯ ಒತ್ತಡದಲ್ಲಿ ಒಂದೊಂದು ಸುತ್ತು ಓಡಿಸಿ. ಆಮೇಲೆ ಹಗುರದ್ದರ ಫ್ರೇಮಿಗೆ ವ್ಯತ್ಯಾಸದಷ್ಟು ನೀರು ಕಟ್ಟಿ ಮತ್ತೊಂದು ಸುತ್ತು ಬನ್ನಿ. ಈಗಲೂ ಅದೇ ಚೆನ್ನಾಗಿದೆ ಎನಿಸಿದರೆ ನಿಮಗೆ ಹಿಡಿಸಿರುವುದು ಅದರ ತೂಕವಲ್ಲ, ಅದರ ಉದ್ದ, ಟೈರು ಅಥವಾ ಕೂರುವ ಭಂಗಿ. ಅದನ್ನು ಕಡಿಮೆ ಬೆಲೆಯ ಇನ್ನೊಂದು ಸೈಕಲ್ಲಿನಲ್ಲೂ ಹುಡುಕಬಹುದು. ನೀರು ಕಟ್ಟಿದ ಮೇಲೆ ಸುಖ ಹೋಯಿತು ಎನಿಸಿದರೆ ಹೂವಿಗೇ ಹಣ ಕೊಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನನ್ನನ್ನೂ ನೋಡಿದರು. ಬಿಲ್ಲು ಬರೆಯುವಾಗ ಹಳೆಯ ಟ್ಯೂಬಿನ ಪಟ್ಟಿ ಬಿಚ್ಚಿಕೊಳ್ಳುವುದನ್ನು ಮರೆಯಬೇಡಿ.